‘ಉಸ್ತಾದ್, ಹ್ಯಾಕಥಾನ್‌ಗೆ ಮಗಳನ್ನು ಕಳಿಸಬಹುದಾ?’

ಮಗ್ರಿಬ್ ಮುಗಿದು ಮಕ್ಕಳು ಕಿತಾಬು ಬಿಡಿಸುವ ಹೊತ್ತು. ಮಳೆ ಸ್ವಲ್ಪ ಬಿಟ್ಟಿತ್ತು. ಹೊಸನಗರ ಕಡೆಯ ಅಡಿಕೆ ವ್ಯಾಪಾರಿಯೊಬ್ಬರು ಕೊಡೆ ಮಡಚಿ ಮದ್ರಸದ ಜಗಲಿಗೆ ಬಂದು ಸಲಾಂ ಹೇಳಿ ಕೂತರು. ಮುಖದಲ್ಲಿ ಏನೋ ಗೊಂದಲ. ‘ಉಸ್ತಾದ್, ಮಗಳ ಕಾಲೇಜಿನಲ್ಲಿ ಹ್ಯಾಕಥಾನ್ ಅಂತೆ. ರಾತ್ರಿಯೂ ಅಲ್ಲೇ ಕೂರಬೇಕಂತೆ. ಅವಳು ಹೋಗದಿದ್ದರೆ ಉಳಿದ ಐದು ಜನಕ್ಕೂ ಅವಕಾಶ ಇಲ್ವಂತೆ. ಕಳಿಸಬಹುದಾ?’

ಹ್ಯಾಕ್ ಅಂದರೆ ಬ್ಯಾಂಕಿನ ದುಡ್ಡು ಎಗರಿಸುವುದು ಎಂದಷ್ಟೇ ನಮಗೂ ಗೊತ್ತಿದ್ದದ್ದು. ‘ನೋಡುವಾ, ಎರಡು ದಿನ ಬಿಟ್ಟು ಹೇಳ್ತೇವೆ’ ಎಂದು ಕಳಿಸಿದೆವು. ತಿಳಿಯದ ವಿಷಯಕ್ಕೆ ‘ಬೇಡ’ ಎನ್ನುವುದು ಸುಲಭ. ಆ ಸುಲಭದ ದಾರಿ ನಮ್ಮ ನಾಲಿಗೆಯ ತುದಿಗೂ ಬಂದಿತ್ತು, ಸುಳ್ಳು ಹೇಳುವುದಿಲ್ಲ.

ಆಮೇಲೆ ಸಾಗರದಲ್ಲಿ ನಮ್ಮ ಹತ್ತಿರ ಓದಿದ್ದ ಹುಡುಗನಿಗೆ ಫೋನ್ ಮಾಡಿದೆವು. ಅವನೂ ಅದೇ ತಂಡದಲ್ಲಿದ್ದ. ಅವನು ಬಿಡಿಸಿ ಹೇಳಿದ: ಇಲ್ಲಿ ಹ್ಯಾಕ್ ಅಂದರೆ ಕಳ್ಳತನವಲ್ಲ, ಕೈಗೆ ಸಿಕ್ಕ ಸಾಮಾನಿನಲ್ಲಿ ಚುರುಕಾಗಿ ದಾರಿ ಹುಡುಕುವುದು. ಅದಕ್ಕೆ ಮ್ಯಾರಥಾನ್ ಸೇರಿ ಹ್ಯಾಕಥಾನ್. 1999ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಓಪನ್‌ಬಿಎಸ್‌ಡಿ ಎಂಬ ಸಾಫ್ಟ್‌ವೇರ್ ಮಾಡುವ ಸುಮಾರು ಹತ್ತು ಜನ ಒಟ್ಟಿಗೆ ಕೂತು ಕೆಲಸ ಮಾಡಿದಾಗ ಈ ಹೆಸರು ಬಳಕೆಗೆ ಬಂತು. ನಮ್ಮ ದೇಶದಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಮತ್ತು ಎಐಸಿಟಿಇ 2017ರಿಂದ ‘ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್’ ನಡೆಸುತ್ತಿವೆ. ಸರ್ಕಾರದ ಇಲಾಖೆಗಳು, ಕಂಪನಿಗಳು ತಮ್ಮ ಸಮಸ್ಯೆಗಳನ್ನು ಮುಂದಿಡುತ್ತವೆ, ಮಕ್ಕಳು ಪರಿಹಾರ ಮಾಡಿ ತೋರಿಸಬೇಕು. ತಂಡದಲ್ಲಿ ಆರು ಜನ, ಅದರಲ್ಲಿ ಒಬ್ಬಳಾದರೂ ಹುಡುಗಿ ಇರಲೇಬೇಕು. ಮೊದಲು ಕಾಲೇಜಿನ ಒಳಗೆ ಒಂದು ಸುತ್ತು. ಮುಂದೆ ಆಯ್ಕೆಯಾದರೆ ಸಾಫ್ಟ್‌ವೇರ್ ವಿಭಾಗದ ಕೊನೆಯ ಸುತ್ತು 36 ಗಂಟೆ.

ಕೇಳುತ್ತಾ ಕೇಳುತ್ತಾ ನಮಗೆ ಹಳೆಯ ಪಳ್ಳಿದರ್ಸ್ ನೆನಪಾಯಿತು. ರಾತ್ರಿ ಚಿಮಿಣಿ ಬೆಳಕಿನಲ್ಲಿ ಒಂದೇ ಕಿತಾಬಿನ ಸುತ್ತ ಐದಾರು ಮುತಅಲ್ಲಿಮರು ಕೂತು, ಒಬ್ಬನಿಗೆ ತಿಳಿಯದ್ದನ್ನು ಇನ್ನೊಬ್ಬ ಬಿಡಿಸುತ್ತಿದ್ದ. ಇದೂ ಹಾಗೇ, ಕಿತಾಬಿನ ಜಾಗದಲ್ಲಿ ಲ್ಯಾಪ್‌ಟಾಪ್.

ಎರಡು ದಿನದ ನಂತರ ಆ ತಂದೆಗೆ ಹೇಳಿದೆವು: ‘ಕಳಿಸಿ. ಮನಸ್ಸು ಒಪ್ಪದಿದ್ದರೆ ನೀವೂ ಜೊತೆಗೆ ಹೋಗಿ.’ ಅವರು ಹೋದರು. ಶಿವಮೊಗ್ಗ ಕಡೆಯ ಆ ಕಾಲೇಜಿನ ಕ್ಯಾಂಟೀನಿನಲ್ಲಿ ಒಂದು ಹಗಲು, ಒಂದು ರಾತ್ರಿ ಕಳೆದರು.

ಮಕ್ಕಳು ಆರಿಸಿಕೊಂಡದ್ದು ಮಂಗನಕಾಯಿಲೆ. ನಮ್ಮ ಮಲೆನಾಡಿಗೆ ಇದಕ್ಕಿಂತ ಹತ್ತಿರದ ವಿಷಯ ಯಾವುದಿದೆ? 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪತ್ತೆಯಾದ ರೋಗ, ಅದಕ್ಕೇ ಕೆಎಫ್‌ಡಿ ಎಂಬ ಹೆಸರು. ವೈರಸ್ಸನ್ನು ಹರಡುವುದು ಉಣ್ಣೆ. ಡಿಸೆಂಬರ್‌ನಿಂದ ಮೇವರೆಗೆ ಜೋರು. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಎಷ್ಟು ಮನೆಗಳು ಇದರಿಂದ ನೊಂದವು ಎಂಬುದನ್ನು ಈ ಕಡೆಯವರು ಮರೆತಿಲ್ಲ. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಅದೇ ಮೊದಲ ಎಚ್ಚರಿಕೆ. ಮುಟ್ಟದೆ, ಹತ್ತಿರ ಹೋಗದೆ, ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಅವರು ಬಂದು ಸುತ್ತ 50 ಅಡಿ ಮ್ಯಾಲಥಿಯಾನ್ ಪುಡಿ ಹಾಕುತ್ತಾರೆ. ಸುದ್ದಿ ಎಷ್ಟು ಬೇಗ ಮುಟ್ಟುತ್ತದೋ ಅಷ್ಟು ಒಳ್ಳೆಯದು.

ಹುಡುಗರು ಚಂದದ ಆ್ಯಪ್ ಮಾಡಲು ಹೊರಟರು. ದೂರದಿಂದ ಫೋಟೊ ತೆಗೆದು ಕಳಿಸಿದರೆ ನಕ್ಷೆಯಲ್ಲಿ ಕೆಂಪು ಚುಕ್ಕೆ ಬೀಳಬೇಕು. ಹುಡುಗಿ ಬೆಳಗ್ಗೆಯೇ ಒಂದು ಮಾತು ಹೇಳಿದಳು: ‘ನಮ್ಮ ಮನೆ ಹತ್ತಿರ ಸಿಗ್ನಲ್ ಬೇಕಾದರೆ ದಿಬ್ಬ ಹತ್ತಬೇಕು. ಕಾಡಿಗೆ ಸೊಪ್ಪಿಗೆ, ತರಗೆಲೆಗೆ ಹೋಗುವವರ ಕೈಯಲ್ಲಿ ಇರುವುದು ಬಟನ್ ಫೋನ್. ಈ ಆ್ಯಪ್ ಯಾರಿಗೆ?’ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ‘ಅದನ್ನು ಆಮೇಲೆ ನೋಡುವಾ’ ಅಂದರಂತೆ. ನಾವು ಅವಳ ತಂದೆಗೆ ಹೇಳಿದ ಅದೇ ‘ನೋಡುವಾ’!

ರಾತ್ರಿ ಹನ್ನೊಂದು ಗಂಟೆಗೆ ಮಾರ್ಗದರ್ಶಕರೊಬ್ಬರು ಮೇಜಿನಿಂದ ಮೇಜಿಗೆ ಬಂದರು. ಎಲ್ಲ ನೋಡಿ ಒಂದೇ ಪ್ರಶ್ನೆ: ‘ನೆಟ್‌ವರ್ಕ್ ಇಲ್ಲದಿದ್ದರೆ?’ ಐದು ಜನರೂ ಹುಡುಗಿಯ ಮುಖ ನೋಡಿದರು.

ಆಮೇಲೆ ಅರ್ಧ ಕೆಲಸ ಬದಿಗಿಟ್ಟು ಹೊಸದಾಗಿ ಶುರು. ಈಗ ದಾರಿ ಹೇಳಿದ್ದು ಅವಳು. ಪ್ರತಿ ಊರಿಗೆ ಒಂದು ನಂಬರ್ ಕೊಡುವುದು, ಅದರ ಪಟ್ಟಿಯನ್ನು ಅಂಗನವಾಡಿ, ಹಾಲಿನ ಡೇರಿ, ಪಳ್ಳಿ, ದೇವಸ್ಥಾನದ ಗೋಡೆಗೆ ಅಂಟಿಸುವುದು. ಸತ್ತ ಮಂಗ ಕಂಡವರು ಆ ನಂಬರನ್ನು ಮಾತ್ರ ಎಸ್‌ಎಂಎಸ್ ಮಾಡಿದರೆ ಸಾಕು. ಇಂಟರ್‌ನೆಟ್ ಬೇಡ, ಫೋಟೊ ಬೇಡ. ಎಸ್‌ಎಂಎಸ್ಸಿಗೆ ತೆಳ್ಳಗಿನ ಸಿಗ್ನಲ್ ಸಿಕ್ಕಿದರೂ ಹೋಗುತ್ತದೆ. ಬೆಳಗಾಗುವಷ್ಟರಲ್ಲಿ ಮೆಸೇಜು ಬರುವ ಭಾಗ ಸರಿಯಾಯಿತು, ನಕ್ಷೆಯ ಭಾಗ ಅರ್ಧಕ್ಕೆ ನಿಂತಿತು.

ತಂಡ ಆಯ್ಕೆಯಾಗಲಿಲ್ಲ. ‘ಯೋಚನೆ ಒಳ್ಳೆಯದು, ಕೆಲಸ ಮುಗಿದಿಲ್ಲ’ ಎಂದರಂತೆ ತೀರ್ಪುಗಾರರು. ನ್ಯಾಯವಾದ ಮಾತು. ಹುಡುಗಿಯ ಮಾತನ್ನು ಬೆಳಗ್ಗೆಯೇ ಕೇಳಿದ್ದರೆ ಹದಿನಾಲ್ಕು ಗಂಟೆ ಉಳಿಯುತ್ತಿತ್ತು ಎಂದು ನಮ್ಮ ಸಾಗರದ ಶಿಷ್ಯನೇ ಒಪ್ಪಿಕೊಂಡ. ಮುಂದಿನ ಸಲ ತಂಡದ ಲೀಡರ್ ಅವಳೇ ಅಂತೆ.

ತಂದೆ ತಿರುಗಿ ಬಂದು ಅದೇ ಜಗಲಿಯಲ್ಲಿ ಕೂತು ಹೇಳಿದರು: ‘ಫಜ್ರ್ ಮುಗಿಸಿ ಮಕ್ಕಳಿಗೆ ಚಾ ತೆಗೆದುಕೊಂಡು ಹೋದೆ ಉಸ್ತಾದ್. ಆಮೇಲೆ ಬಾಗಿಲ ಹತ್ತಿರವೇ ನಿಂತಿದ್ದೆ. ಅವಳು ದೊಡ್ಡ ದೊಡ್ಡವರ ಮುಂದೆ ನಿಂತು ಮಂಗನಕಾಯಿಲೆ ವಿಷಯ ಹೇಳ್ತಿದ್ದಳು. ಮನೆಯಲ್ಲಿ ಇಷ್ಟು ಮಾತಾಡಿದ್ದನ್ನು ನಾನು ಕಂಡೇ ಇಲ್ಲ.’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾವು ಕೇಳಲಿಲ್ವೋ ಏನೋ’ ಎಂದರು. ಆ ಮಾತು ನಮಗೂ ತಾಗಿತು.

ಮೊದಲ ಸಲ ಹೋಗುವ ಮಕ್ಕಳಿರುವ ಮನೆಯವರಿಗೆ ನಾವು ಕಲಿತ ನಾಲ್ಕು ಮಾತು. ಕೋಡಿಂಗ್ ಪೂರ್ತಿ ಬರಬೇಕೆಂದಿಲ್ಲ. ಸಮಸ್ಯೆ ತಿಳಿದವರು, ಬರೆಯುವವರು, ಮಾತಾಡಿ ತಿಳಿಸುವವರು ಎಲ್ಲರೂ ಬೇಕು. ಮಲಗುವ ವ್ಯವಸ್ಥೆ, ಹುಡುಗಿಯರಿಗೆ ಬೇರೆ ಕೋಣೆ, ನಮಾಝಿಗೆ ಜಾಗ ಇವನ್ನು ಕಾಲೇಜಿನವರಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಹತ್ತು ನಿಮಿಷ ಎದ್ದು ಹೋಗಿ ಬರಲು ಈ ಮಕ್ಕಳಿಗೆ ಯಾರೂ ಅಡ್ಡಿ ಮಾಡಲಿಲ್ಲ. ಚಿಕ್ಕದನ್ನು ಹಿಡಿದು ಪೂರ್ತಿ ಮಾಡಲು ಹೇಳಿ, ದೊಡ್ಡದನ್ನು ಹಿಡಿದು ಅರ್ಧಕ್ಕೆ ಬಿಡುವುದು ಬೇಡ. ಸೋತು ಬಂದರೆ ‘ಹೋಗಿ ಏನು ಸಿಕ್ಕಿತು’ ಎಂದು ಕೇಳಬೇಡಿ, ‘ಏನು ಮಾಡಿದಿರಿ’ ಎಂದು ಕೇಳಿ.

ನಮ್ಮ ಹಿರಿಯರು ಕರಾವಳಿಯಿಂದ ಘಟ್ಟ ಹತ್ತಿ ಬಂದಾಗಲೂ ಮುಂದೇನೆಂದು ತಿಳಿದು ಬಂದವರಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಾಡಂಚಿನ ಮನೆಗಳಲ್ಲಿ ಹುಟ್ಟಿದ ಮಕ್ಕಳಿಗೆ ಗೊತ್ತಿರುವ ಕೆಲವು ಸಂಗತಿ ದೊಡ್ಡ ಊರಿನ ಮಕ್ಕಳಿಗೆ ಗೊತ್ತಿರುವುದಿಲ್ಲ. ಅದನ್ನು ಹೇಳಲು ಅವರು ಅಲ್ಲಿಗೆ ಹೋಗಿ ಮುಟ್ಟಬೇಕಷ್ಟೆ. ಇನ್ನು ಯಾರಾದರೂ ಜಗಲಿಗೆ ಬಂದು ‘ಕಳಿಸಬಹುದಾ’ ಎಂದು ಕೇಳಿದರೆ ನಾವು ಎರಡು ದಿನ ತೆಗೆದುಕೊಳ್ಳುವುದಿಲ್ಲ, ಇನ್‌ಶಾ ಅಲ್ಲಾಹ್.