ಮೊಳೆ ಚುಚ್ಚಿದರೂ ನಿಲ್ಲದ ಲಾರಿ

ಟೈರಿಗೆ ಮೊಳೆ ಹೊಕ್ಕರೂ ಲಾರಿ ನಿಲ್ಲದೆ ಸಾಗುವುದುಂಟೆ?

ಒಳಗೆ ಮೊದಲೇ ತುಂಬಿಟ್ಟ ಸೀಲೆಂಟ್ ದ್ರವವು,
ಚಕ್ರ ತಿರುಗುವ ವೇಗಕ್ಕೆ ಒಳಮೈಯಲ್ಲೆಲ್ಲ ಹರಡಿ,
ರಂಧ್ರವಾದೊಡನೆ ಹೊರನುಗ್ಗುವ ಗಾಳಿಯೊಡನೆ ತಾನೂ ನುಗ್ಗಿ,
ಗಾಯದ ಮೇಲೆ ರಕ್ತ ಹೆಪ್ಪುಗಟ್ಟುವಂತೆ,
ತನ್ನ ಸೂಕ್ಷ್ಮ ತಂತುಗಳಿಂದ ಅದನ್ನು ಮುಚ್ಚಿಬಿಡುವುದು.

ಆದರೆ ಅಂಗಡಿಯ ಮುಂದೆ ಮೊಳೆ ಕಿತ್ತು ತೋರಿಸಿದ ಮಾತ್ರಕ್ಕೆ
ನೂರು ಲಾರಿಗಳ ಒಡೆಯನು ನಂಬತಕ್ಕದ್ದಲ್ಲ.

ಒಂದೇ ಮಾರ್ಗದಲ್ಲಿ, ಸಮಭಾರ ಹೊತ್ತು ಓಡುವ ಲಾರಿಗಳಲ್ಲಿ
ಅರ್ಧಕ್ಕೆ ಮಾತ್ರ ದ್ರವ ತುಂಬಿ,
ಬೇಸಗೆ ಮಳೆಗಾಲಗಳೆರಡನ್ನೂ ದಾಟಿಸಿ,
ಪಂಕ್ಚರುಗಳ ಎಣಿಕೆಯನ್ನೂ, ಗಾಳಿಯ ಒತ್ತಡವನ್ನೂ,
ಟ್ರೆಡ್ಡಿನ ಸವೆತವನ್ನೂ ಬರೆದಿಟ್ಟು ಹೋಲಿಸಿದಾಗಲೇ
ಅದರ ಸಾಮರ್ಥ್ಯವು ಪ್ರಮಾಣಿತವಾಗುವುದು.

ದ್ರವ ಒಣಗಿತೇ, ರಿಮ್ಮು ತುಕ್ಕು ಹಿಡಿಯಿತೇ, ಬಿಚ್ಚಿ ನೋಡಬೇಕು;
ಮಾರುವವರು ಇದನ್ನು ಹೇಳುವುದು ಕಡಿಮೆ!

ಟ್ರೆಡ್ಡಿನಲ್ಲಿ ಸುಮಾರು 6 ಮಿಲಿಮೀಟರಿನ ತೂತನ್ನು ಅದು ಮುಚ್ಚಬಲ್ಲುದಾದರೂ,
ಟೈರಿನ ಪಕ್ಕೆಯೇ ಸೀಳಿದರೆ ಸ್ಟೆಪ್ನಿಯೇ ಗತಿ.