ಬೆಳ್ಳಿ ವರ್ಕ್, ಬಂಗಾರದ ಪುಡಿ: ಕೊಳ್ಳುವ ಮುನ್ನ

ದೀಪಾವಳಿ ಬಂತೆಂದರೆ ನಮ್ಮ ಹೋಟೆಲುಗಳ ಸ್ವೀಟ್ ಕೌಂಟರಿನಲ್ಲಿ ಕಾಜು ಕತ್ಲಿ ತಟ್ಟೆ ತುಂಬಿದಷ್ಟೂ ಖಾಲಿ. ಅದರ ಮೇಲಿನ ಬೆಳ್ಳಿ ವರ್ಕ್ ಯಾರಿಂದ ಬಂತು, ಬಿಲ್ಲು ಎಲ್ಲಿದೆ ಎಂದು ಕೇಳಿದರೆ ಮಾತ್ರ ಅನೇಕರಲ್ಲಿ ಉತ್ತರವಿಲ್ಲ. ಭಟ್ಟರು ತರಿಸಿದರು, ಚೀಟಿ ನೋಡಿ ದುಡ್ಡು ಕೊಟ್ಟೆವು, ಅಷ್ಟೇ. ನಾವೂ ಹಾಗೆ ಕೊಂಡವರೇ, ಆದ್ದರಿಂದ ಯಾರನ್ನೂ ದೂರುತ್ತಿಲ್ಲ.

ತಿನ್ನುವ ವರ್ಕಿನಲ್ಲಿ ಬೆಳ್ಳಿ ಸಾವಿರಕ್ಕೆ 999 ಪಾಲು ಶುದ್ಧವಾಗಿರಬೇಕೆಂಬುದು ಕಾನೂನು. ಅಗ್ಗದ ಕಟ್ಟಿನಲ್ಲಿ ಬರುವುದು ಹಲವು ಸಲ ಅಲ್ಯೂಮಿನಿಯಂ. ಪರೀಕ್ಷೆ ಸುಲಭ. ಒಂದು ಹಾಳೆಯನ್ನು ಬೆರಳುಗಳ ನಡುವೆ ಉಜ್ಜಿರಿ. ಬೆಳ್ಳಿಯಾದರೆ ಪುಡಿಯಾಗಿ ಚರ್ಮಕ್ಕೆ ಹತ್ತಿ ಕಾಣದಂತಾಗುತ್ತದೆ. ಅಲ್ಯೂಮಿನಿಯಂ ಆದರೆ ಚೂರಾಗಿ, ಉಂಡೆಯಾಗಿ ಉಳಿಯುತ್ತದೆ. ಬೆಂಕಿಗೆ ಹಿಡಿದರೆ ಅಸಲಿ ಬೆಳ್ಳಿ ಕರಗಿ ಹೊಳೆಯುವ ಗುಂಡಾಗುತ್ತದೆ, ನಕಲಿ ಬೂದು ಬಣ್ಣದ ಬೂದಿ ಬಿಡುತ್ತದೆ. ಒಂದು ತುಂಡು ತಿಂದ ಮಾತ್ರಕ್ಕೆ ಯಾರಿಗೂ ಏನೂ ಆಗದು, ನಿಜ. ಆದರೆ ಅಲ್ಯೂಮಿನಿಯಂ ಹೊರಹಾಕುವ ಕೆಲಸ ಮೂತ್ರಪಿಂಡದ್ದು. ಆ ಕಾಯಿಲೆ ಇರುವವರಲ್ಲಿ ಅದು ಮೈಯಲ್ಲೇ ಸೇರಿಕೊಳ್ಳುತ್ತದೆ.

ಇನ್ನೊಂದು ಪ್ರಶ್ನೆ ತಯಾರಿಕೆಯದು. ದನದ ಕರುಳಿನ ಪದರಗಳ ನಡುವೆ ಬೆಳ್ಳಿಯನ್ನಿಟ್ಟು ಬಡಿಯುವುದು ಹಳೆಯ ಪದ್ಧತಿ. ಪ್ರಾಣಿಮೂಲದ ವಸ್ತುವನ್ನು ಯಾವ ಹಂತದಲ್ಲೂ ಬಳಸಬಾರದೆಂದು 2016ರಲ್ಲಿ ಅಧಿಸೂಚನೆ ಹೊರಟಿತು. ತಯಾರಕರು ಅದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಕೋರ್ಟಿನ ಮಾತು ಹಾಗಿರಲಿ, ಮುಂಬಯಿ ಪುಣೆಗಳಲ್ಲಿ ಜೈನ ಗಿರಾಕಿಗಳಿಲ್ಲದ ಸಸ್ಯಾಹಾರಿ ಹೋಟೆಲು ಎಲ್ಲಿದೆ? ಮಷಿನ್ನಿನಲ್ಲಿ ತಯಾರಾದ ವರ್ಕೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ.

ವರ್ಕಿಗಿಂತ ನಮಗೆ ಹೆಚ್ಚು ಭಯವಿರುವುದು ಈಗ ಕೇಕಿಗೂ ಪೇಡೆಗೂ ಬಳಿಯುವ ಹೊಳೆಯುವ ಬಂಗಾರದ ಪುಡಿಯ ಬಗ್ಗೆ. ಅಮೆರಿಕದ ರೋಡ್ ಐಲ್ಯಾಂಡ್ ರಾಜ್ಯದಲ್ಲಿ 2018ರಲ್ಲಿ ಒಂದು ಮಗುವಿನ ಮೊದಲ ಹುಟ್ಟುಹಬ್ಬದ ಕೇಕು ತಿಂದು ಆರು ಮಕ್ಕಳು ವಾಂತಿ ಮಾಡಿಕೊಂಡರು. ಕೇಕಿನ ಮೇಲೆ ದಪ್ಪಗೆ ಬಳಿದಿದ್ದದ್ದು ತಾಮ್ರದ ಪುಡಿ! ನೆಲಹಾಸು ಮುಂತಾದ ಸಾಮಾನುಗಳಿಗೆ ಹೊಳಪು ಕೊಡುವ ಬಗೆಯದು. ಒಂದು ಗ್ರಾಂ ಕ್ರೀಮಿನಲ್ಲಿ ಸುಮಾರು 22 ಮಿಲಿಗ್ರಾಂ ತಾಮ್ರ ಸಿಕ್ಕಿತು. ಡಬ್ಬಿಯ ಮೇಲೆ ‘ನಾನ್ ಟಾಕ್ಸಿಕ್’, ‘ಅಲಂಕಾರಕ್ಕೆ ಮಾತ್ರ’ ಎಂದಿದ್ದರೆ ಅದು ತಿನ್ನುವ ವಸ್ತುವೆಂದು ಅರ್ಥವಲ್ಲ. ಪದಾರ್ಥಗಳ ಪಟ್ಟಿ, ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಸಂಖ್ಯೆ ಎರಡೂ ಇಲ್ಲದ ಡಬ್ಬಿಯನ್ನು, ಮದುವೆ ಮನೆಯವರು ಎಷ್ಟೇ ಹಟ ಹಿಡಿಯಲಿ, ಅಡುಗೆಮನೆಗೆ ಬಿಡಬೇಡಿ.

ಇನ್ಸ್‌ಪೆಕ್ಟರು ಸ್ಯಾಂಪಲ್ ಒಯ್ಯುವುದು ನಮ್ಮ ಕೌಂಟರಿನಿಂದ, ವರ್ಕ್ ಮಾರಿದವನ ಅಂಗಡಿಯಿಂದಲ್ಲ. ಗುಣಮಟ್ಟವಿಲ್ಲದ ಆಹಾರ ಮಾರಿದರೆ 5 ಲಕ್ಷ ರೂಪಾಯಿವರೆಗೆ ದಂಡ. ಅಪಾಯಕಾರಿ ಎಂದಾದರೆ ಜೈಲೂ ಇದೆ. ಲೈಸೆನ್ಸ್ ಇರುವವರಿಂದಲೇ ಕೊಂಡು ಲೆಕ್ಕ ಇಡಬೇಕೆಂಬುದು ನಮ್ಮ ಲೈಸೆನ್ಸಿನದೇ ಷರತ್ತು. ಬಿಲ್ಲಿನ ಜೊತೆ ‘ಫಾರ್ಮ್ ಇ’ ಗ್ಯಾರಂಟಿ ಕೇಳಿ, ಹಬ್ಬ ಮುಗಿದ ಮೇಲೂ ಫೈಲಿನಲ್ಲಿರಲಿ.