ಪ್ರಯೋಗಶಾಲೆಯ ಎಚ್ಚರ

ಕಾರ್ಖಾನೆ ಎಂದೊಡನೆ ನಮಗೆ ಅಪಘಾತದ ನೆನಪಾಗುತ್ತದೆ. ವಿಶ್ವವಿದ್ಯಾನಿಲಯ ಎಂದೊಡನೆ ಗ್ರಂಥಭಂಡಾರ, ಉಪನ್ಯಾಸ, ಸಾಲುಮರಗಳ ನೆರಳು ಕಣ್ಣಮುಂದೆ ಬರುತ್ತವೆ. ಆದರೆ ವಿಶ್ವವಿದ್ಯಾನಿಲಯವೂ ಸಹಸ್ರಾರು ಜನ ದುಡಿಯುವ ತಾಣವೆಂಬುದನ್ನು ನಾವು ಮರೆಯುತ್ತೇವೆ. ಅಲ್ಲಿ ಚರ್ಮವನ್ನು ಸುಡುವ ಆಮ್ಲಗಳಿವೆ, ಅಧಿಕ ಒತ್ತಡದ ಅನಿಲ ಸಿಲಿಂಡರುಗಳಿವೆ, ವಿಕಿರಣ ಸೂಸುವ ಧಾತುಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 2018ರ ಡಿಸೆಂಬರ್ 5ರಂದು ಅನಿಲ ಸಿಲಿಂಡರು ಸಿಡಿದು ತರುಣ ಸಂಶೋಧಕರೊಬ್ಬರು ಮೃತರಾದರು. ಮೂವರು ತೀವ್ರವಾಗಿ ಗಾಯಗೊಂಡರು. ಕಾರ್ಖಾನೆಯ ಕೆಲಸಗಾರನು ಒಂದೇ ಕೆಲಸವನ್ನು ವರ್ಷಗಟ್ಟಲೆ ಮಾಡಿ ಪಳಗಿರುತ್ತಾನೆ. ಸಂಶೋಧನೆಯಲ್ಲಾದರೋ ದಿನವೂ ಹೊಸ ಕೆಲಸ, ವರ್ಷ ವರ್ಷವೂ ಹೊಸ ಕೈಗಳು.

ಪಳಗಿದ ಕೈಗಳಿಗೂ ಅಪಾಯ ತಪ್ಪಿದ್ದಲ್ಲ ಎಂಬುದಕ್ಕೆ ಒಂದು ನಿದರ್ಶನವಿದೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕ್ಯಾರೆನ್ ವೆಟರ್‌ಹಾನ್ ಎಂಬ ರಸಾಯನಶಾಸ್ತ್ರದ ಪ್ರಾಧ್ಯಾಪಕಿಯಿದ್ದರು. ವಿಷಕಾರಿ ಲೋಹಗಳು ಜೀವಕೋಶಗಳನ್ನು ಹೇಗೆ ಕೆಡಿಸುತ್ತವೆ ಎಂಬುದೇ ಅವರ ಅಧ್ಯಯನದ ವಿಷಯ. 1996ರ ಆಗಸ್ಟ್ 14ರಂದು ಅವರು ಡೈಮೀಥೈಲ್ ಪಾದರಸವೆಂಬ ದ್ರವವನ್ನು ಒಂದು ಉಪಕರಣದ ಅಳತೆಗಾಗಿ ಸಣ್ಣ ನಳಿಕೆಗೆ ತುಂಬುತ್ತಿದ್ದರು. ವಿಷದ ಆವಿಯನ್ನು ಹೊರಕ್ಕೆ ಸೆಳೆಯುವ ಕಪಾಟಿನೊಳಗೇ ಕೆಲಸ ನಡೆದಿತ್ತು. ಕೈಗಳಿಗೆ ರಬ್ಬರಿನ ಗವಸುಗಳಿದ್ದವು. ಒಂದೆರಡು ಹನಿಗಳು ಗವಸಿನ ಮೇಲೆ ಬಿದ್ದವು. ಅವರು ಕೆಲಸ ಮುಗಿಸಿ, ಗವಸನ್ನು ಕಳಚಿ, ಕೈ ತೊಳೆದುಕೊಂಡರು.

ಅನೇಕ ವಾರಗಳು ಏನೂ ಕಾಣಲಿಲ್ಲ. 1997ರ ಜನವರಿಯಲ್ಲಿ ಅವರ ನಡಿಗೆ ತತ್ತರಿಸಿತು, ಮಾತು ತೊದಲಿತು. ರಕ್ತವನ್ನು ಪರೀಕ್ಷಿಸಿದಾಗ ಲೀಟರಿಗೆ 4000 ಮೈಕ್ರೋಗ್ರಾಂ ಪಾದರಸವಿತ್ತು. ಸಾಮಾನ್ಯರಲ್ಲಿ ಅದು 1ರಿಂದ 8ರಷ್ಟು ಮಾತ್ರ. ಚಿಕಿತ್ಸೆ ಫಲಿಸಲಿಲ್ಲ. ಜೂನ್ 8ರಂದು, ತಮ್ಮ 48ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಆಮೇಲೆ ಆ ಬಗೆಯ ಗವಸುಗಳನ್ನು ಪರೀಕ್ಷೆಗೆ ಒಡ್ಡಿದಾಗ, ಆ ದ್ರವವು ಹದಿನೈದು ಸೆಕೆಂಡುಗಳೊಳಗಾಗಿಯೇ ಅವುಗಳನ್ನು ದಾಟಿಹೋಗುತ್ತದೆಂದು ತಿಳಿದುಬಂತು.

ಇಲ್ಲಿ ಅಜಾಗರೂಕತೆಯೆಂದು ಬೊಟ್ಟು ಮಾಡುವಂಥದು ಯಾವುದು? ಅಂದಿನ ತಿಳಿವಳಿಕೆಯಂತೆ ಅವರು ಮಾಡಬೇಕಾದುದನ್ನೆಲ್ಲ ಮಾಡಿದ್ದರು. ಗವಸು ತೊಟ್ಟಮಾತ್ರಕ್ಕೆ ರಕ್ಷಣೆ ದೊರೆಯದು. ಯಾವ ವಸ್ತುವಿಗೆ ಯಾವ ಗವಸು ತಡೆಯೊಡ್ಡಬಲ್ಲುದೆಂಬ ಅರಿವೂ ಜೊತೆಗಿರಬೇಕು. ಆದುದರಿಂದಲೇ ಸುರಕ್ಷತೆಯನ್ನು ಬಲ್ಲವರು ಗವಸು, ಕನ್ನಡಕಗಳನ್ನು ಕೊನೆಯ ಕಾವಲೆಂದು ಎಣಿಸುತ್ತಾರೆ. ಅಪಾಯದ ವಸ್ತುವನ್ನು ಬಳಸದೆಯೇ ಕೆಲಸ ಸಾಗೀತೇ ಎಂಬುದು ಮೊದಲ ಪ್ರಶ್ನೆ. ಸಾಗದಿದ್ದರೆ, ಅದಕ್ಕಿಂತ ಸೌಮ್ಯವಾದುದು ಉಂಟೇ? ಅದೂ ಇಲ್ಲದಿದ್ದರೆ, ವಸ್ತುವನ್ನು ಮನುಷ್ಯನಿಂದ ಬೇರ್ಪಡಿಸಿಡುವ ಏರ್ಪಾಡು ಏನು? ಬಳಿಕ ನಿಯಮ ಮತ್ತು ತರಬೇತಿ, ಕಟ್ಟಕಡೆಗೆ ಗವಸು. ವೆಟರ್‌ಹಾನ್‌ರ ಮರಣಾನಂತರ ಆ ದ್ರವಕ್ಕೆ ಬದಲಾಗಿ ಕಡಿಮೆ ಅಪಾಯದ ಪಾದರಸದ ಲವಣಗಳನ್ನು ಬಳಸಬೇಕೆಂಬ ಸಲಹೆ ಬಂದುದು ಈ ಕ್ರಮದ ವಿವೇಕವನ್ನೇ ತೋರಿಸುತ್ತದೆ.

ಅಪಾಯವು ಆವರಣದ ಗೋಡೆಯನ್ನು ದಾಟಿಯೂ ಹೋಗಬಲ್ಲುದು. ದೆಹಲಿ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಕೋಬಾಲ್ಟ್-60 ಇದ್ದ ಒಂದು ವಿಕಿರಣ ಯಂತ್ರವಿತ್ತು. 1985ರಿಂದ ಅದನ್ನು ಯಾರೂ ಬಳಸಿರಲಿಲ್ಲ. 2010ರ ಫೆಬ್ರುವರಿಯಲ್ಲಿ ಅದು ಹಳೆಯ ಸಾಮಾನುಗಳೊಡನೆ ಹರಾಜಾಗಿ, ಮಾಯಾಪುರಿಯ ಗುಜರಿ ಅಂಗಡಿಗಳನ್ನು ಸೇರಿತು. ಕೋಬಾಲ್ಟ್-60ರ ಶಕ್ತಿ ಸುಮಾರು ಐದೂಕಾಲು ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ಇಪ್ಪತ್ತೈದು ವರ್ಷಗಳಲ್ಲಿ ಅದು ಇಪ್ಪತ್ತೈದರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿದಿದ್ದರೂ ಕೊಲ್ಲುವಷ್ಟು ಉಳಿದಿತ್ತು. ವಿಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಯಂತ್ರವನ್ನು ಬಿಚ್ಚಿದವರಿಗೆ ಅದು ಮಾರಾಟದ ಲೋಹವಷ್ಟೆ. ಹಲವರು ಆಸ್ಪತ್ರೆ ಸೇರಿದರು. ಏಪ್ರಿಲಿನಲ್ಲಿ ಒಬ್ಬ ಕೆಲಸಗಾರ ಪ್ರಾಣ ಬಿಟ್ಟನು. ವಿಜ್ಞಾನದ ಫಲವನ್ನು ಕಾಣದವನು ಅದರ ಬೆಲೆಯನ್ನು ತೆತ್ತನು.

ಇಂತಹ ಮರೆವು ಸಣ್ಣ ಪ್ರಮಾಣದಲ್ಲಿ ಎಲ್ಲ ಕಾಲೇಜುಗಳಲ್ಲಿಯೂ ನಡೆಯಬಹುದು. ಕಪಾಟಿನ ಮೂಲೆಯಲ್ಲಿ ವರ್ಷಗಳಿಂದ ಕುಳಿತ ಈಥರಿನ ಸೀಸೆಯನ್ನೇ ನೋಡಿರಿ. ಗಾಳಿಯ ಸಂಪರ್ಕದಿಂದ ಅದರಲ್ಲಿ ಪೆರಾಕ್ಸೈಡುಗಳು ಹುಟ್ಟುತ್ತವೆ. ಮುಚ್ಚಳ ತಿರುಗಿಸಿದ ಘರ್ಷಣೆಗೇ ಅವು ಸಿಡಿಯಬಲ್ಲವು. ಸೀಸೆಯ ಮೇಲೆ ಅದನ್ನು ತೆರೆದ ದಿನಾಂಕವನ್ನು ಬರೆದಿದ್ದರೆ ಸಾಕು, ಅದನ್ನು ಸಕಾಲದಲ್ಲಿ ವಿಲೇವಾರಿ ಮಾಡಬಹುದು. ಹೆಸರಿಲ್ಲದ ಸೀಸೆ, ಸರಪಳಿಯಿಂದ ಕಟ್ಟದ ಸಿಲಿಂಡರು, ತಾವು ಗುಡಿಸುವ ಚೂರುಗಳಲ್ಲಿ ಏನಿದೆಯೆಂದು ಕೇಳಲಾರದ ನೌಕರರು: ಇವು ಹಣಕ್ಕಿಂತ ಹೆಚ್ಚಾಗಿ ಗಮನದ ಕೊರತೆಯನ್ನು ಸಾರುತ್ತವೆ. ಕಣ್ಣಿಗೆ ರಾಸಾಯನಿಕ ಸಿಡಿದರೆ ಕೂಡಲೇ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು. ಇದನ್ನು ಪ್ರಾಧ್ಯಾಪಕರು ಬಲ್ಲರು. ಸಂಜೆ ಬಾಗಿಲು ಹಾಕುವ ಅಟೆಂಡರನಿಗೂ ಅದನ್ನು ಅವನ ಭಾಷೆಯಲ್ಲಿ ಹೇಳಿಕೊಟ್ಟಿದ್ದಾರೆಯೆ?

ವೆಟರ್‌ಹಾನ್ ತಮಗಾದುದನ್ನು ಇತರ ವಿಜ್ಞಾನಿಗಳಿಗೆ ತಿಳಿಸಬೇಕೆಂದು ಬಯಸಿದ್ದರು. ಅವರ ಪಾಠವು ವಿಜ್ಞಾನಿಗಳನ್ನು ಮುಟ್ಟಿದೆ. ಅದು ಪ್ರಯೋಗಶಾಲೆಯಲ್ಲಿ ಕಸ ಗುಡಿಸುವವರನ್ನೂ ಮುಟ್ಟಬೇಕು. ಜ್ಞಾನವನ್ನು ಹಂಚುವುದು ವಿಶ್ವವಿದ್ಯಾನಿಲಯದ ಧರ್ಮವಾದರೆ, ಆ ಹಂಚಿಕೆಯು ತನ್ನ ಆವರಣದೊಳಗೇ ಮೊದಲಾಗಲಿ.